ಬೆಳಗಾಂ ಬೆಳಗಾವಿಯಾಯಿತು, ಅಫಿಡವಿಟ್ ಕೊಟ್ಟವರ್ಯಾರು?

2014ರ ನವೆಂಬರ್ 1ರಂದು ನಮ್ಮ ಬೆಳಗಾಂ ಬೆಳಗಾವಿಯಾಯಿತು. ಅದೇ ದಿನ ಬಿಜಾಪುರ ವಿಜಯಪುರವಾಯಿತು. ಒಟ್ಟು 12 ಊರುಗಳು. ಬೋರ್ಡಿಗೆ ಬಣ್ಣ ಬಳಿದರು, ಸೀಲು ಬದಲಾಯಿಸಿದರು, ಮುಗೀತು. 'ನೀ ಖರೇನ ಬೆಳಗಾವಿ ಏನು? ಯಾವಾಗಿಂದ ಹಂಗ ಅನಸಾಕ್ಹತ್ತೇತಿ?' ಅಂತ ಊರನ್ನು ಯಾರೂ ಕೇಳಲಿಲ್ಲ.

ಅದೇ ವರ್ಷ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತ್ತು. ತಾನು ಗಂಡೋ, ಹೆಣ್ಣೋ, ತೃತೀಯ ಲಿಂಗಿಯೋ ಅಂತ ಹೇಳಿಕೊಳ್ಳುವ ಹಕ್ಕು ಅವರವರದ್ದೇ ಅಂತ. ನಮ್ಮ ಕಡೆ ಆ ತೀರ್ಪಿಗೆ ಇನ್ನೂ ಇನ್‌ವರ್ಡ್ ನಂಬರ್ ಬಿದ್ದಂತಿಲ್ಲ.

ನಮ್ಮ ಓಣಿಯಲ್ಲೊಬ್ಬ ಜೋಗಪ್ಪ ಇದ್ದಾಳೆ, ಸವದತ್ತಿ ಯಲ್ಲವ್ವನ ಸೇವೆಗೆ ನಿಂತ ತೃತೀಯ ಲಿಂಗಿ. ನಾವೆಲ್ಲ ಕರೆಯೋದು 'ಯವ್ವಾ' ಅಂತಲೇ. ತೃತೀಯ ಲಿಂಗಿಗಳಿಗೆ ಸರ್ಕಾರ ಕೊಡುವ ಮೈತ್ರಿ ಯೋಜನೆಯ ಪಿಂಚಣಿ ಕೇಳೋಕೆ ಅವಳ ಜೊತೆ ಒಂದು ಕಚೇರಿಗೆ ಹೋಗಿದ್ದೆ. ಯಾವುದು ಅಂತ ಕೇಳಬೇಡಿ, ನನಗೂ ಅಲ್ಲಿ ಕೆಲಸ ಬೀಳುತ್ತೆ.

"ಮೊದಲ ಗುರುತಿನ ಪ್ರಮಾಣಪತ್ರ ತಗೊಂಡ್ ಬಾ ಯವ್ವಾ" ಅಂದರು. ಪ್ರಮಾಣಪತ್ರ ಕೇಳಿದರೆ "ಮೊದಲ ಆಧಾರ್ ಸರಿ ಮಾಡಿಸು". ಆಧಾರ್‌ನವರು "ಪ್ರಮಾಣಪತ್ರ ಎಲ್ಲೈತಿ?" ಅರ್ಜಿ ಕೊಟ್ಟ 30 ದಿನದಲ್ಲಿ ಪ್ರಮಾಣಪತ್ರ ಕೊಡಬೇಕು ಅಂತ 2020ರ ನಿಯಮದಲ್ಲಿದೆ. ಯಾವ 30 ದಿನ ಅಂತ ಬರೆದಿಲ್ಲ ಅನ್ನೋದು ಇವರ ಅನುಕೂಲ.

ಸುಮ್ನೆ ಬೈಯಬಾರದು, ಓಡಾಟಕ್ಕಂತೂ ಖರ್ಚಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ತೃತೀಯ ಲಿಂಗಿಗಳಿಗೂ ಬಸ್ಸು ಫ್ರೀ. ಆದರೆ ಗುರುತಿನ ಚೀಟಿ ತೋರಿಸಬೇಕು. ಕಂಡಕ್ಟರ್ ಕಾರ್ಡ್ ನೋಡಿದ, ಮುಖ ನೋಡಿದ, ಮತ್ತೆ ಕಾರ್ಡ್ ನೋಡಿದ. ಕೊನೆಗೆ ಟಿಕೆಟ್ ಹರಿದು ರೊಕ್ಕ ಇಸ್ಕೊಂಡ. ಚೀಟಿ ತರೋಕೆ ಬಸ್ಸು ಹತ್ತಬೇಕು, ಬಸ್ಸು ಹತ್ತೋಕೆ ಚೀಟಿ ಬೇಕು.

ತೃತೀಯ ಲಿಂಗಿಗಳಿಗೆ ಸರ್ಕಾರಿ ನೌಕರಿಯಲ್ಲಿ 1% ಮೀಸಲಾತಿ ಕೊಟ್ಟ ದೇಶದ ಮೊದಲ ರಾಜ್ಯ ನಮ್ಮದು, 2021ರಲ್ಲಿ. ಇನ್ನು ಸಲಿಂಗಿಗಳು? 2018ರಲ್ಲಿ ಕೋರ್ಟು ಅದು ಅಪರಾಧವಲ್ಲ ಅಂದಿತು. ಇಲ್ಲಿ ಅವರ ಹೆಸರಿನ ಫೈಲೇ ಇಲ್ಲ. ಹಾಗಾಗಿ ಪೆಂಡಿಂಗೂ ಇಲ್ಲ.

ಮೊನ್ನೆ ಭಾರತ ಹುಣ್ಣಿಮೆಗೆ ಸವದತ್ತಿ ಗುಡ್ಡಕ್ಕೆ ಹೋಗಿದ್ದೆವು. ಉಧೋ ಉಧೋ ಅನ್ನುವ ಜನದ ನಡುವೆ ಯವ್ವನ ಕಾಲಿಗೆ ಉದ್ದಕ್ಕೆ ಬಿದ್ದಿದ್ದ ಒಬ್ಬ ಮನುಷ್ಯ. ಎದ್ದಾಗ ಗುರುತು ಸಿಕ್ಕಿತು, ಪಿಂಚಣಿ ಕಚೇರಿಯ ನಮ್ಮ ಕ್ಲರ್ಕ್! ಹಣೆ ತುಂಬ ಭಂಡಾರ. ಅಲ್ಲಿ ಅವಳ ಆಧಾರ್ ಕೇಳಲಿಲ್ಲ ನೋಡಿ.

ಸೋಮವಾರ ಮತ್ತೆ ಕಚೇರಿಗೆ ಹೋದೆವು. ಕ್ಲರ್ಕ್ ಕಿವಿಯ ಹಿಂದೆ ಇನ್ನೂ ಅರಿಶಿನ ಅಂಟಿತ್ತು.

"ಸಾಹೇಬ್ರು ಮೀಟಿಂಗ್‌ನ್ಯಾಗ ಅದಾರ. ನಾಳಿ ಬಾ ಯವ್ವಾ."

ಯವ್ವ ತನ್ನ ಪಡ್ಡಲಗಿ, ಅಂದರೆ ದೇವಿಯ ಬುಟ್ಟಿ, ಎತ್ತಿಕೊಂಡಳು. ಆತ ಆಚೀಚೆ ನೋಡಿ, ದನಿ ತಗ್ಗಿಸಿ ಅಂದ: "ಯವ್ವಾ, ನನ್ನ ಪ್ರಮೋಷನ್ ಫೈಲ್ ಮೂರ್ ವರ್ಷದಿಂದ ನಿಂತೈತಿ. ತಾಯಿ ಮುಂದ ಒಂದ್ ಮಾತು ಹೇಳಬೇ."

"ಯಲ್ಲವ್ವ ಮೀಟಿಂಗ್‌ನ್ಯಾಗ ಅದಾಳಪಾ" ಅಂದಳು ಯವ್ವ. "ಎರಡ್ ಫೋಟೊ ತಗೊಂಡ್ ನಾಳಿ ಬಾ."