ಉಸಿರಾಡುವ ಸೈಲೆನ್ಸರ್

ತೂತು ಹಾಕಿಟ್ಟಿದ್ದಾರೆ ಪುಣ್ಯಾತ್ಮರು! ಅದೂ ಎಲ್ಲಿ, ನನ್ನ ಯಮಹಾ ಆರ್‌ಎಕ್ಸ್ 100 ಬೈಕಿಗೆ ಅಂತ ಮಾಡಿಸಿದ ಹೊಸ ಸೈಲೆನ್ಸರ್ ಪೈಪಿನ ಹೊಟ್ಟೆಗೇ. ಯಾಕೆ ಅಂತ ಕೇಳಿದರೆ ಬೆಳಗಾವಿ ಉದ್ಯಮಬಾಗದ ನಮ್ಮ ವೆಲ್ಡರ್ ಕಾಕಾ ಶಾಂತವಾಗಿ ಹೇಳುತ್ತಾರೆ, "ಉಸಿರಾಡಬೇಕಲ್ರೀ ಅದು?"

ಟೂ ಸ್ಟ್ರೋಕ್ ಎಂಜಿನ್ನಿನ ಪೈಪು ಹೊಟ್ಟೆಯಿಂದ ಉಸಿರಾಡಬಾರದು ಕಾಕಾ. ಹೊಗೆ ಹೋಗುವ ಬಾಗಿಲು ತೆರೆದಿರುವಾಗಲೇ ಹೊಸ ಪೆಟ್ರೋಲೂ ಒಳಗೆ ಬರುತ್ತದೆ, ಬಂದದ್ದರಲ್ಲಿ ಒಂದಿಷ್ಟು ಹಾಗೇ ಹೊರಗೆ ಓಡುತ್ತದೆ. ಪೈಪಿನ ಅಗಲವಾಗುವ ಕೋನ್ ಹೊಗೆಯನ್ನು ಎಳೆದುಕೊಳ್ಳುತ್ತದೆ, ಕಿರಿದಾಗುವ ಕೋನ್ ಹೊಗೆಯ ಒತ್ತಡದ ಅಲೆಯನ್ನು ವಾಪಸ್ ಕಳಿಸಿ, ಬಾಗಿಲು ಮುಚ್ಚುವ ಮುಂಚೆ ಓಡಿಹೋದ ಪೆಟ್ರೋಲನ್ನು ಒಳಗೆ ನೂಕುತ್ತದೆ. ಪೂರ್ವ ಜರ್ಮನಿಯ ಎಂಝಡ್ ಬೈಕ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ, ಅಲೆಯನ್ನು ತೆರೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಇಟ್ಟುಕೊಂಡು ಈ ಅಲೆಯನ್ನು ಪಳಗಿಸಿದರು. 1961ರ ಹೊತ್ತಿಗೆ 125 ಸಿಸಿಯಿಂದ 25 ಹಾರ್ಸ್‌ಪವರ್ ತೆಗೆದರು.

ನಮ್ಮ ಕಾಕಾ ಹತ್ತಿರ ಇರುವುದು ಅವರ ಎಡಗಿವಿ.

ಟೆಸ್ಟಿಂಗ್ ಅಂದರೆ ಇಷ್ಟೇ. ಟೋಪಿ ತೆಗೆಯುತ್ತಾರೆ, ಕಣ್ಣು ಮುಚ್ಚುತ್ತಾರೆ, ಎಡಗಿವಿಯನ್ನು ಪೈಪಿನ ಕಡೆ ವಾಲಿಸಿ "ಏರ್ಸ್ರಿ... ಇನ್ನೂ ಏರ್ಸ್ರಿ..." ಅನ್ನುತ್ತಾರೆ. ಚಹಾದ ಹುಡುಗ ಕೆಟಲ್ ಹಿಡಿದು ಅಲ್ಲೇ ನಿಲ್ಲುತ್ತಾನೆ, ಪಕ್ಕದ ಫೌಂಡ್ರಿಯಿಂದ ಇಬ್ಬರು ಬಂದು ಅವರೂ ಕಿವಿ ವಾಲಿಸುತ್ತಾರೆ, ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಥೇಟ್ ಸಂಗೀತ ಕಚೇರಿ. ಕೊನೆಗೆ ಕಾಕಾ ಕಣ್ಣು ಬಿಟ್ಟು ತೀರ್ಪು ಕೊಡುತ್ತಾರೆ: "ಸೌಂಡ್ ಸಾಲಂಗಿಲ್ರಿ." ಫೌಂಡ್ರಿಯವರು ತಲೆ ಆಡಿಸುತ್ತಾರೆ. ನನಗೆ ಸೌಂಡ್ ಬೇಡ ಕಾಕಾ, ಪೊಲೀಸರು ಹಿಡಿಯುತ್ತಾರೆ, ಪಿಕಪ್ ಬೇಕು ಅಂದರೆ, "ಸೌಂಡ್ ಇಲ್ದ ಪಿಕಪ್ ಎಲ್ಲಿಂದ ಬರ್ತೈತಿ?"

ನಾನು ಬರೆದುಕೊಟ್ಟ ಅಳತೆಯ ಚೀಟಿ ಚಹಾ ಗ್ಲಾಸಿನ ಕೆಳಗಿದೆ. ಅಳೆಯುವುದು ಗೇಣಿನಲ್ಲಿ. ಪೈಪು ಉದ್ದವಾದರೆ ಪವರ್ ಕಡಿಮೆ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಧಾನ ಸುತ್ತುವಾಗಲೇ ಬರುತ್ತದೆ, ಗಿಡ್ಡವಾದರೆ ಮೇಲೆ. ಕಳೆದ ಸಲದ ಪೈಪಿನಲ್ಲಿ ಕಾಕಾ ಗೇಣಿಗೆ ಅದು ಎಷ್ಟು ಮೇಲೆ ಹೋಗಿತ್ತೆಂದರೆ, ತಿಲಕವಾಡಿ ರೈಲ್ವೆ ಗೇಟ್ ಎತ್ತಿದಾಗ ನನ್ನ ಗಾಡಿ ಮುಕ್ಕರಿಸುತ್ತಾ ನಿಂತಲ್ಲೇ ನಿಂತಿತ್ತು, ಪಕ್ಕದ ಲೂನಾ ಹೊರಟುಹೋಯಿತು. ಆಮೇಲೆ ಪವರ್ ಬಂತು, ಸರಿಯಾಗಿ ಹಂಪ್ ಬಂದಾಗ! ಅದಕ್ಕೂ ಮುಂಚಿನ ಪೈಪಿಗೆ ತುದಿಯ ನಳಿಗೆಯನ್ನು ಕಿರಿದು ಮಾಡಿ, ಬಿಸಿ ಹೊರಗೆ ಹೋಗದೆ ಪಿಸ್ಟನ್ ಸೀಜ್. ಉಸಿರಾಡಬೇಕಾದ ಕಡೆ ಕತ್ತು ಹಿಸುಕುವುದು, ಸುಮ್ನಿರಬೇಕಾದ ಕಡೆ ತೂತು.

ಬೇರೆ ಕಡೆ ಹೋಗಬಹುದಲ್ವಾ ಅಂತೀರಿ. ಎಲ್ಲಿಗೆ? ಈ ಗಾಡಿಯ ತಯಾರಿಕೆ ನಿಂತಿದ್ದೇ 1996ರಲ್ಲಿ. ಒಂದು ಮಿಲಿಮೀಟರ್ ಶೀಟನ್ನು ಕೈಯಲ್ಲೇ ಸುತ್ತಿ ಕೋನ್ ಮಾಡಿ, ಗ್ಯಾಸ್ ವೆಲ್ಡಿಂಗಿನಲ್ಲಿ ಎಲ್ಲೂ ಸುಡದ ಹಾಗೆ ಕೂಡಿಸುವ ಕೈ ಆ ಸಾಲಿನಲ್ಲಿ ಇನ್ನೊಂದಿಲ್ಲ. ಕಲಿಯಲು ಬಂದ ಹುಡುಗರು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷಿನ್ನಿಗೆ ಹೋದರು. ಕಾಕಾ ಕಣ್ಣೂ ಈಗ ಮೊದಲಿನಂತಿಲ್ಲ. ಕಿವಿ ಜಾಸ್ತಿ ಬಳಸುವುದು ಅದಕ್ಕೇ ಇರಬೇಕು.

ನಿನ್ನೆ ಜಗಳ ಆಡಿ ತೂತು ಮುಚ್ಚಿಸಿದೆ. ಬಿಲ್ಲಿನಲ್ಲಿ ಮುಚ್ಚಿದ ಕೂಲಿ ಇದೆ. ಅದರ ಮೇಲಿನ ಸಾಲಿನಲ್ಲಿ, ತೂತು ಹಾಕಿದ ಕೂಲಿಯೂ ಇದೆ.