ಡಿಪ್ಪರ್ ಪ್ರಸಂಗ

ನನ್ನ ಕಾರಿನ ಡಿಪ್ ಲೈಟು, ಅಂದರೆ ಹೆಡ್‌ಲೈಟಿನ ತಗ್ಗಿಸಿದ ಬೆಳಕು, ರಸ್ತೆಯ ಮೇಲೆ ಬೀಳುತ್ತಿರಲಿಲ್ಲ. ಮುಂದೆ ಎಲ್ಲೋ ಬೆಳಕಿದೆಯಂತೆ ಎಂಬ ಸುದ್ದಿಯನ್ನು ಮಾತ್ರ ಹಬ್ಬಿಸುತ್ತಿತ್ತು. ಕಲಬುರಗಿ ಊರೊಳಗೆ ಇದರಿಂದ ಅಂಥ ತೊಂದರೆಯೇನೂ ಇರಲಿಲ್ಲ. ಜಗತ್ ವೃತ್ತದಿಂದ ಸೂಪರ್ ಮಾರ್ಕೆಟ್‌ವರೆಗೆ ಅಂಗಡಿಗಳ ಬೆಳಕೇ ಸಾಕು. ಎದುರಿಗೆ ಬರುವ ಆಟೋದವರು ಮಾತ್ರ ತಲೆ ಹೊರಹಾಕಿ "ಲೈಟು, ಲೈಟು" ಎಂದು ಕೂಗುತ್ತಿದ್ದರು. ಹಾಕಿದ್ದೇನಪ್ಪಾ ಎಂದು ನಾನು ಹೇಳುವಷ್ಟರಲ್ಲಿ ಅವರು ಮುಂದಿನ ಸಿಗ್ನಲ್ ದಾಟಿರುತ್ತಿದ್ದರು.

ನಿಜವಾದ ಪರೀಕ್ಷೆ ಶುರುವಾಗುವುದು ರಿಂಗ್ ರಸ್ತೆ ದಾಟಿ ಹುಮನಾಬಾದ್ ದಾರಿ ಹಿಡಿದ ಮೇಲೆ. ಎರಡೂ ಬದಿಗೆ ಕಪ್ಪು ಎರೆಭೂಮಿ, ನಡುವೆ ಕಪ್ಪು ಡಾಂಬರು, ಡಾಂಬರಿನ ಮೇಲೆ ಕಪ್ಪು ಎಮ್ಮೆ. ಈ ಮೂರನ್ನೂ ಬಿಡಿಸಿ ತೋರಿಸುವುದೇ ಹೆಡ್‌ಲೈಟಿನ ಕೆಲಸ. ಸುಗ್ಗಿಯ ಕಾಲದಲ್ಲಿ ಇದರ ಜೊತೆಗೆ ರಸ್ತೆಯ ಮೇಲೆ ಹರಡಿದ ತೊಗರಿ ಕಟ್ಟಿಗೆ, ಮೈತುಂಬ ಕಬ್ಬು ಹೊತ್ತ ಟ್ರ್ಯಾಕ್ಟರು, ಶಹಾಬಾದ್ ಫರ್ಸಿ ಕಲ್ಲು ಹೇರಿದ ಟ್ರೈಲರು. ಟ್ರೈಲರಿನ ಹಿಂದೆ ಕೆಂಪು ದೀಪ ಇರಬೇಕಾದ ಜಾಗದಲ್ಲಿ ಕೆಂಪು ಬಟ್ಟೆ ಕಟ್ಟಿರುತ್ತಾರೆ. ಹಗಲು ಹೊತ್ತು ಅದು ಬಹಳ ಚೆನ್ನಾಗಿ ಕಾಣುತ್ತದೆ.

ಹಾಗಾದರೆ ದೂರಕ್ಕೆ ಬೀಳುವ ಅಪ್ಪರ್ ಲೈಟು ಹಾಕಿಕೊಂಡು ಹೋಗಬಾರದೇ ಎಂದು ಕೇಳಬಹುದು. ಹೋಗಬಹುದು, ಎದುರಿಗೆ ಯಾರೂ ಬರದಿದ್ದರೆ. ಆದರೆ ಆ ರಸ್ತೆಯಲ್ಲಿ ರಾತ್ರಿಯಿಡೀ ಎದುರಿನಿಂದ ಲಾರಿಗಳು ಬರುತ್ತಲೇ ಇರುತ್ತವೆ. "ರಾತ್ರಿ ಡಿಪ್ಪರ್ ಬಳಸಿ" ಎಂದು ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡ ಲಾರಿ ತಾನು ಬಳಸಬೇಕೆಂದೇನೂ ನಿಯಮವಿಲ್ಲ. ಅದು ಹಿಂದೆ ಬರುವವರಿಗೆ ಹೇಳಿದ ಬುದ್ಧಿಮಾತು. ನಾನು ಮರ್ಯಾದೆಗೆ ಅಂಜಿ ಡಿಪ್ ಮಾಡುತ್ತಿದ್ದೆ. ಮಾಡಿದ ಕ್ಷಣದಿಂದ ಆ ಲಾರಿ ದಾಟಿಹೋಗುವವರೆಗೆ ಕಾರನ್ನು ನಡೆಸುತ್ತಿದ್ದವರು ಶರಣಬಸವೇಶ್ವರರು.

ಕೊನೆಗೆ ಒಂದು ಉಪಾಯ ಕಂಡುಕೊಂಡೆ. ಮುಂದೆ ಹೋಗುವ ಯಾವುದಾದರೂ ಬಸ್ಸಿನ ಬೆನ್ನು ಹತ್ತುವುದು. ಅದರ ಬೆಳಕಿನಲ್ಲಿ ಅದು ಹೋಗುತ್ತದೆ, ಅದರ ಕೆಂಪು ದೀಪ ನೋಡಿಕೊಂಡು ನಾನು ಹೋಗುತ್ತೇನೆ. ಚಿಕ್ಕಪ್ಪನ ಮಗನ ನಿಶ್ಚಯಕ್ಕೆಂದು ಬೀದರಿಗೆ ಹೊರಟ ದಿನ ಹೀಗೆಯೇ ಒಂದು ಬಸ್ಸಿನ ಹಿಂದೆ ನಿಶ್ಚಿಂತೆಯಿಂದ ಹೋಗುತ್ತಿದ್ದೆ. ಬಸ್ಸು ಎಡಕ್ಕೆ ಹೊರಳಿತು, ನಾನೂ ಹೊರಳಿದೆ. ಅದು ನಿಂತಿತು, ನಾನೂ ನಿಂತೆ. ಸುತ್ತಲೂ ಗಂಟು ಮೂಟೆ ಹಿಡಿದ ಜನ, ಒಂದು ಬದಿಗೆ ಕಮಲಾಪುರದ ಕೆಂಪು ಬಾಳೆಹಣ್ಣಿನ ಬುಟ್ಟಿಗಳು. ಬಸ್ ನಿಲ್ದಾಣದೊಳಗೆ ಬಂದುಬಿಟ್ಟಿದ್ದೆವು. ಅಜ್ಜಿಯೊಬ್ಬಳು ಹಿಂದಿನ ಬಾಗಿಲು ತೆಗೆದು, "ಹಳ್ಳಿಖೇಡಕ್ಕೆ ಹೋಗುತ್ತದೇನಪ್ಪಾ?" ಎಂದು ಕೇಳಿದಳು. ಹೋಗುತ್ತದೆ ಎಂದು ನನ್ನ ಹೆಂಡತಿಯೇ ಹೇಳಿ ಅವಳನ್ನು ಹತ್ತಿಸಿಕೊಂಡಳು. ದಾರಿಯುದ್ದಕ್ಕೂ ಅಜ್ಜಿ ಕತ್ತಲಲ್ಲಿ ಕಣ್ಣು ಕಿರಿದು ಮಾಡಿ, "ದನ ಇದೆ, ಸಾವಕಾಶ" ಎಂದು ಹೇಳುತ್ತಾ ಬಂದಳು. ಅವಳ ದೃಷ್ಟಿ ನನ್ನ ಲೈಟಿಗಿಂತ ಎಷ್ಟೋ ಮೇಲು.

ಆ ರಾತ್ರಿಯ ನಂತರ ಲೈಟಿಗೆ ಚಿಕಿತ್ಸೆ ಆರಂಭವಾಯಿತು. ಮೊದಲನೆಯ ಚಿಕಿತ್ಸೆ ನನಗೇ. "ರೀ, ಲೈಟು ಸರಿಯಾಗಿಯೇ ಇರಬಹುದು, ನಿಮ್ಮ ಕಣ್ಣು ತೋರಿಸಿ" ಎಂದಳು ಹೆಂಡತಿ. ತೋರಿಸಿದೆ. ನಂಬರು ಸ್ವಲ್ಪ ಬದಲಾಗಿತ್ತು, ಹೊಸ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಕಾರು ತೆಗೆದಾಗ ಲೈಟು ಎಷ್ಟು ಮಂದವಾಗಿದೆ ಎಂಬುದು ಸ್ಪಷ್ಟವಾಗಿ ಕಂಡಿತು.

ಎರಡನೆಯದು ಟೂತ್‌ಪೇಸ್ಟ್. ಗಾಜು ಮಬ್ಬಾಗಿದ್ದರೆ ಪೇಸ್ಟು ಹಚ್ಚಿ ತಿಕ್ಕಬೇಕು ಎಂದು ಮೊಬೈಲಿನಲ್ಲಿ ಯಾರೋ ತೋರಿಸಿದ್ದನ್ನು ಮಗ ನೋಡಿದ್ದ. ಇದು ಪೂರ್ತಿ ಸುಳ್ಳೂ ಅಲ್ಲ. ಈಗಿನ ಕಾರುಗಳ ಹೆಡ್‌ಲೈಟಿಗೆ ಇರುವುದು ಗಾಜಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ನಮ್ಮ ಕಡೆಯ ಬಿಸಿಲಿಗೆ ಅದು ಹಳದಿಯಾಗುತ್ತದೆ, ತಿಕ್ಕಿದರೆ ಕೆಲವು ದಿನ ಹೊಳೆಯುತ್ತದೆ. ನನ್ನ ಕಾರಿನದು ಹಳೆಯ ಕಾಲದ ಅಪ್ಪಟ ಗಾಜು. ಮಗ ಅದನ್ನು ತಿಕ್ಕಿದ ಶ್ರದ್ಧೆಯಲ್ಲಿ ಕಾಲು ಭಾಗವನ್ನು ಪ್ರತಿದಿನ ಬೆಳಿಗ್ಗೆ ಬಾಯಿಗೆ ಬಳಸಿದ್ದರೆ ದಂತವೈದ್ಯರ ಖರ್ಚು ಉಳಿಯುತ್ತಿತ್ತು. ಬೆಳಕು ಇದ್ದಷ್ಟೇ ಉಳಿಯಿತು, ಲವಂಗದ ವಾಸನೆಯೊಂದು ಹೆಚ್ಚಾಯಿತು.

ಆಮೇಲೆ ಭಾವಮೈದುನ ಬಂದ. ಅವನ ಪ್ರಕಾರ ಲೋಕದ ಎಲ್ಲ ಸಮಸ್ಯೆಗಳಿಗೂ ಆನ್‌ಲೈನಿನಲ್ಲಿ ಪರಿಹಾರವಿದೆ. "ಮಾಮಾ, ಯಾವ ಕಾಲದಲ್ಲಿದ್ದೀರಿ? ಎಲ್‌ಇಡಿ ಹಾಕಿಸಿ" ಎಂದು ತಾನೇ ತರಿಸಿ, ತಾನೇ ಕೂಡಿಸಿಯೂ ಕೊಟ್ಟ. ಸ್ವಿಚ್ ಒತ್ತಿದೆ. ಓಣಿಯ ಬೇವಿನ ಮರದ ಒಂದೊಂದು ಎಲೆಯೂ ಕಂಡಿತು. ಅದರಾಚೆಯ ಮನೆಯ ಎರಡನೆಯ ಮಹಡಿಯಲ್ಲಿ ಒಣಹಾಕಿದ ಬಟ್ಟೆ ಕಂಡಿತು. ಆ ಮನೆಯ ಯಜಮಾನರು ಬನಿಯನ್ನಿನಲ್ಲಿಯೇ ಹೊರಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ಕೆಳಗೆ ನೋಡಿದ್ದೂ ಕಂಡಿತು. ರಸ್ತೆಯೊಂದು ಕಾಣಲಿಲ್ಲ.

ಭಾವಮೈದುನನ ಮುಂದೆ ಬಾಯಿ ಬಿಡದಿದ್ದರೂ ಇದರ ಕಾರಣವನ್ನು ನಾನು ಓದಿ ತಿಳಿದುಕೊಂಡೆ. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಎಚ್4 ಎಂಬ ಹ್ಯಾಲೊಜೆನ್ ಬಲ್ಬು, 60/55 ವ್ಯಾಟ್. ಒಂದೇ ಬುರುಡೆಯೊಳಗೆ ಎರಡು ತಂತಿ, ಅಪ್ಪರಿಗೆ 60, ಡಿಪ್ಪಿಗೆ 55. ಡಿಪ್ಪಿನ ತಂತಿಯ ಕೆಳಗೆ ಉಗುರಿನಷ್ಟು ಚಿಕ್ಕ ಲೋಹದ ಬಟ್ಟಲಿದೆ. ಬೆಳಕು ಬಲ್ಬಿನ ಸುತ್ತಲಿನ ಕನ್ನಡಿಯಂಥ ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೀಳದಂತೆ ಅದು ತಡೆಯುತ್ತದೆ. ಮೇಲ್ಭಾಗಕ್ಕೆ ಬಿದ್ದದ್ದಷ್ಟೇ ಪ್ರತಿಫಲಿಸಿ ರಸ್ತೆಗಿಳಿಯುತ್ತದೆ. ರಿಫ್ಲೆಕ್ಟರಿನ ಇಡೀ ಲೆಕ್ಕಾಚಾರ ಆ ತಂತಿ ಕೂದಲಿನಷ್ಟೂ ಆಚೀಚೆ ಸರಿಯಬಾರದು ಎಂಬುದರ ಮೇಲೆ ನಿಂತಿದೆ. ಅಲ್ಲಿಗೆ ಬೇರೆ ಆಕಾರದ, ಬೇರೆ ಜಾಗದಲ್ಲಿ ಉರಿಯುವ ಎಲ್‌ಇಡಿ ತಂದು ತುರುಕಿದರೆ ಬೆಳಕು ಮನಬಂದ ಕಡೆ ಹೋಗುತ್ತದೆ. ಮುಖ್ಯವಾಗಿ ಎದುರಿನವರ ಕಣ್ಣಿಗೆ. ಹಿಂದೆ ಲಾರಿಗಳ ಹೆಡ್‌ಲೈಟಿನ ಗಾಜಿನ ಮೇಲ್ಭಾಗಕ್ಕೆ ಕಪ್ಪು ಬಣ್ಣ ಬಳಿದಿರುತ್ತಿದ್ದರು, ನೆನಪಿದೆಯೇ? ಈಗಿನವರನ್ನು ನೋಡಿದರೆ ಆ ಡಬ್ಬಿ ಬಣ್ಣ ಮತ್ತೆ ಬರಲಿ ಅನ್ನಿಸುತ್ತದೆ.

ಕಚೇರಿಯ ಸಹೋದ್ಯೋಗಿಯೊಬ್ಬರದು ಇನ್ನೊಂದು ಕಥೆ. ಅವರಿಗೆ ಬಿಡಿಭಾಗದ ಅಂಗಡಿಯವರು 100/90 ವ್ಯಾಟಿನ ಬಲ್ಬು ಕೊಟ್ಟು, "ಹಾಕಿ ನೋಡಿ ಸರ್, ಹಗಲಾಗುತ್ತದೆ" ಎಂದಿದ್ದರಂತೆ. ಮಿರ್ಚಿ ಭಜಿ ಬಂಡಿಗಳ ಮುಂದೆ ಹೋಗುವಾಗ ಸುಟ್ಟ ವಾಸನೆ ಬಂತು. ಎಣ್ಣೆ ಹಳೆಯದಿರಬೇಕು ಎಂದುಕೊಂಡರು. ಬಂಡಿಗಳೆಲ್ಲ ಹಿಂದೆ ಉಳಿದವು, ವಾಸನೆ ಜೊತೆಗೇ ಬಂತು. ಬಾನೆಟ್ ಎತ್ತಿ ನೋಡಿದರೆ ಬಲ್ಬಿನ ಹೋಲ್ಡರು ಕರಗಿ ಬೆಲ್ಲದ ಪಾಕವಾಗಿತ್ತು.

ಇಷ್ಟೆಲ್ಲ ಆದ ಮೇಲೆ ಹಳೆಯ ಬಲ್ಬನ್ನೇ ಮರಳಿ ಹಾಕಿಕೊಂಡು ನಾನು ಹೋದದ್ದು ಒಬ್ಬ ಹಳೆಯ ಆಟೋ ಎಲೆಕ್ಟ್ರಿಷಿಯನ್ ಬಳಿ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ, ನಾನೂ ಅದನ್ನೇ ಅಂದೆ. ಅಂಗಡಿ ಎಷ್ಟು ಕಿರಿದೆಂದರೆ ಚಾಚಾ ಒಳಗೆ ಹೋಗಬೇಕಾದರೆ ಹುಡುಗ ಹೊರಗೆ ಬರಬೇಕು. ನಾನು ಕಣ್ಣಿನ ಪರೀಕ್ಷೆಯಿಂದ ಹಿಡಿದು ಎಲ್ಲವನ್ನೂ ವಿವರಿಸಿದೆ. ಚಾಚಾ ಅದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಂಜಿನ್ ಚಾಲೂ ಮಾಡಿಸಿ, ಡಿಪ್ ಹಾಕಿಸಿ, ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಗೆ ಹಿಡಿದರು: 13.9 ವೋಲ್ಟ್. ಅವೇ ಕಡ್ಡಿಗಳನ್ನು ಬಲ್ಬಿನ ಹಿಂಬದಿಗೆ ಹಿಡಿದರು: 11.5.

"ಸಾಹೇಬರೇ, ನಿಮ್ಮ ಮನೆ ಬಡಾವಣೆಯ ಕೊನೆಗಿದೆಯೇ?" ಎಂದು ಕೇಳಿದರು.

ಹೌದು ಎಂದೆ.

"ನಳ ಬಂದಾಗ ಮೊದಲ ಮನೆಯವರು ಅಂಗಳ ತೊಳೆಯುತ್ತಾರೆ, ನಿಮ್ಮ ಮನೆಯಲ್ಲಿ ಕೊಡ ತುಂಬುವುದಿಲ್ಲ. ಇದೂ ಅದೇ. ಬಲ್ಬಿನ ತಪ್ಪು ಏನಿದೆ?"

ಎರಡೂವರೆ ವೋಲ್ಟಿಗೆ ಇಷ್ಟು ರಂಪವೇ ಎಂದು ನನಗನ್ನಿಸಿತು. ಆದರೆ ಹ್ಯಾಲೊಜೆನ್ ಬಲ್ಬಿನ ಸ್ವಭಾವವೇ ಹಾಗೆ. ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಬೆಳಕು ಹತ್ತಿರ ಹತ್ತಿರ ಮೂವತ್ತು ಇಳಿಯುತ್ತದೆ. ನನ್ನ ಲೆಕ್ಕದಲ್ಲಿ ಅರ್ಧ ಬೆಳಕು ದಾರಿಯಲ್ಲಿಯೇ ಸೋರಿಹೋಗಿತ್ತು. ಎರಡು ಬಲ್ಬು ಸೇರಿ ಒಂಬತ್ತು ಆಂಪಿಯರ್ ಕರೆಂಟು ಎಳೆಯುತ್ತವೆ. ಅಷ್ಟೂ ಕರೆಂಟು ಸಣ್ಣ ವೈರಿನಲ್ಲಿ ಬ್ಯಾಟರಿಯಿಂದ ಸ್ಟೇರಿಂಗಿನ ಪಕ್ಕದ ಸ್ವಿಚ್ಚಿಗೆ ಬಂದು, ಅಲ್ಲಿಂದ ತಿರುಗಿ ಮುಂದಕ್ಕೆ ಹೋಗಬೇಕು. ಸ್ವಿಚ್ಚಿನ ಒಳಗಿನ ತಾಮ್ರ ಸವೆದಿತ್ತು, ವೈರು ಕೂಡಿಸುವ ಕಪ್ಲರುಗಳು ಕಪ್ಪಗಾಗಿದ್ದವು.

ಎಲ್ಲಕ್ಕಿಂತ ಘನವಾದದ್ದು ಅರ್ಥಿಂಗ್, ಅಂದರೆ ಕರೆಂಟು ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ. ಎಡಗಡೆಯ ಹೆಡ್‌ಲೈಟಿನ ಹಿಂದೆ ಬಾಡಿಗೆ ಬಿಗಿದ ಒಂದು ಬೋಲ್ಟು, ಅದರಡಿಯಲ್ಲಿ ಒಂದು ಲೋಹದ ಉಂಗುರ, ಉಂಗುರಕ್ಕೆ ಕಪ್ಪು ವೈರು. ಬೋಲ್ಟು ಬಿಚ್ಚಿದಾಗ ಉಂಗುರ ಕಾಣಲಿಲ್ಲ, ಹಸಿರು ಬಿಳಿ ಪುಡಿಯ ಒಂದು ಹೆಪ್ಪು ಕಂಡಿತು. ಅದರ ಮೇಲೆ ಎರೆಮಣ್ಣಿನ ಧೂಳು ಪದರು ಪದರಾಗಿ ಕೂತಿತ್ತು. ಚಾಚಾ ಅದನ್ನು ಉಗುರಿನಿಂದ ಕೆರೆದು, "ನಿಮ್ಮ ಹೊಲ ಇಲ್ಲೇ ಇದೆ, ತೊಗರಿ ಬಿತ್ತಬಹುದು" ಎಂದರು. ಉಪ್ಪುಕಾಗದ ಹಚ್ಚಿ ತಗಡನ್ನು ಬೆಳ್ಳಗಾಗುವವರೆಗೆ ತಿಕ್ಕಿ, ಹೊಸ ಉಂಗುರ ಬಿಗಿದು, ಮೇಲೆ ವ್ಯಾಸಲೀನ್ ಸವರಿದರು. ಅಷ್ಟಕ್ಕೇ ದೀಪದ ಮುಖಕ್ಕೆ ಕಳೆ ಬಂತು.

ಇನ್ನುಳಿದದ್ದು ರಿಲೇ. ಬೆಂಕಿಪೆಟ್ಟಿಗೆಗಿಂತ ಚಿಕ್ಕದು, ನಾಲ್ಕು ಕಾಲು, ಕಾಲುಗಳ ಬಳಿ 30, 85, 86, 87 ಎಂದು ಕೊರೆದಿರುತ್ತದೆ. ಬ್ಯಾಟರಿಯಿಂದ ದಪ್ಪ ವೈರು ಫ್ಯೂಸ್ ಮೂಲಕ ನೇರವಾಗಿ 30ಕ್ಕೆ, 87ರಿಂದ ಬಲ್ಬಿಗೆ. ಹಳೆಯ ಸ್ವಿಚ್ಚಿನ ಕರೆಂಟು 85, 86ರ ನಡುವಿನ ಸುರುಳಿಯನ್ನು ಎಬ್ಬಿಸಿದರೆ ಸಾಕು. ಭಾರ ಹೊರುವುದೆಲ್ಲ ರಿಲೇ, ಸ್ವಿಚ್ಚಿನದು ಬರೀ ಅಪ್ಪಣೆ. ಡಿಪ್ಪಿಗೊಂದು, ಅಪ್ಪರಿಗೊಂದು. ಹೊಸ ಬಲ್ಬುಗಳೂ ಬಂದವು, ಅದೇ 60/55. ಹುಡುಗ ಬಲ್ಬಿನ ಗಾಜಿಗೆ ಕೈ ಹಾಕಿದ್ದೇ ತಡ, ಚಾಚಾ ಗದರಿದರು. ಬೆರಳಿನ ಜಿಡ್ಡು ಹತ್ತಿದರೆ ಆ ಜಾಗ ಮಿತಿಮೀರಿ ಕಾದು ಬಲ್ಬು ಬೇಗ ಒಡೆಯುತ್ತದೆ. ಹುಡುಗ ಆಗತಾನೆ ಮಂಡಕ್ಕಿ ಒಗ್ಗರಣೆಯ ಸುಸಲಾ ತಿಂದು ಬಂದಿದ್ದ.

ಕೂಡಿಸಿದ್ದಾಯಿತು, ಇನ್ನು ಫೋಕಸ್ ಸರಿ ಮಾಡಬೇಕು. ಅದಕ್ಕೆ ಸಮತಟ್ಟಾದ ಜಾಗ, ಎದುರಿಗೆ ಗೋಡೆ, ನಡುವೆ ಹತ್ತು ಮೀಟರ್ ಬೇಕು. ಕತ್ತಲಾಗುವುದನ್ನೇ ಕಾದು, ಹಿಂದಿನ ಓಣಿಯ ಒಂದು ಕಾಂಪೌಂಡ್ ಗೋಡೆಯ ಮುಂದೆ ಕಾರು ನಿಲ್ಲಿಸಿದೆವು. ಚಾಚಾ ನೆಲದಿಂದ ಹೆಡ್‌ಲೈಟಿನ ನಡುವಿನವರೆಗೆ ಟೇಪು ಹಿಡಿದು ಅಳೆದರು. ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಒಂದು ಗೆರೆ, ಅದರ ಹತ್ತು ಸೆಂಟಿಮೀಟರ್ ಕೆಳಗೆ ಇನ್ನೊಂದು. ಡಿಪ್ಪಿನ ಬೆಳಕಿನ ಮೇಲಂಚು ಕೆಳಗಿನ ಗೆರೆಗೆ ಕೂಡಬೇಕು, ಎಡಗಡೆ ಮಾತ್ರ ಸ್ವಲ್ಪ ಓರೆಯಾಗಿ ಮೇಲಕ್ಕೆ ಏರಬೇಕು. ನಾವು ರಸ್ತೆಯ ಎಡಕ್ಕೆ ಹೋಗುವವರಾದ್ದರಿಂದ ಎದುರಿನವರಿಗೆ ಅದು ಚುಚ್ಚುವುದಿಲ್ಲ.

ಎರಡನೆಯ ಗೆರೆ ಮುಗಿಯುವ ಮೊದಲೇ ಗೇಟು ತೆರೆಯಿತು. ಒಬ್ಬ ಅವ್ವ ಹೊರಗೆ ಬಂದು ಟೇಪು ನೋಡಿದರು, ಗೆರೆ ನೋಡಿದರು, ನನ್ನ ಹೊಸ ಕನ್ನಡಕ ನೋಡಿದರು.

"ಎಷ್ಟು ಅಡಿ ಹೋಗುತ್ತದೆ ಸಾಹೇಬರೇ?"

"ಏನು ಹೋಗುತ್ತದೆ ಅವ್ವಾ?"

"ನಮ್ಮ ಗೋಡೆ."

ರಸ್ತೆ ಅಗಲ ಮಾಡಲು ಅಳತೆಗೆ ಬಂದವರು ಎಂದು ತಿಳಿದಿದ್ದರು. ಅಲ್ಲ ಎಂದು ಹೇಳುವುದರೊಳಗೆ ಪಕ್ಕದ ಮನೆಯ ನಿವೃತ್ತ ಮಾಸ್ತರರು ಹಕ್ಕುಪತ್ರದ ಫೈಲು ಹಿಡಿದುಕೊಂಡೇ ಬಂದರು. ಎದುರು ಸಾಲಿನವರೊಬ್ಬರು, "ಅಗಲ ಮಾಡುವುದಾದರೆ ಆ ಕಡೆಗೇ ಮಾಡಿ, ಈ ಕಡೆ ದೇವಸ್ಥಾನವಿದೆ" ಎಂದರು. ಆ ಕಡೆಯವರು ಈ ಕಡೆಯವರ ಕಟ್ಟೆ ಎಷ್ಟು ಮುಂದೆ ಬಂದಿದೆ ಎಂಬುದನ್ನು ನನಗೆ ಕರೆದೊಯ್ದು ತೋರಿಸಿದರು. ಪರಿಹಾರ ಅಡಿ ಲೆಕ್ಕವೋ ಗುಂಟೆ ಲೆಕ್ಕವೋ ಎಂಬ ಚರ್ಚೆ ಜೋರಾಯಿತು. ಚಾಚಾ ಇದರ ನಡುವೆ ತಲೆ ಎತ್ತದೆ ಸ್ಕ್ರೂ ತಿರುಗಿಸುತ್ತಲೇ ಇದ್ದರು. ಕಾರಿನ ಮುಂದಿನ ಸೀಟಿನಲ್ಲಿ ಭಾರ ಬೇಕು ಎಂದಾಗ ಮಾಸ್ತರರೇ ಫೈಲು ಸಮೇತ ಹತ್ತಿ ಕೂತರು. ಕೊನೆಗೆ ಅಂಚು ಗೆರೆಗೆ ಕೂಡಿತು, ಗೋಡೆಯ ಮೇಲೆ ಬೆಳಕು ಕತ್ತರಿಸಿದ ಹಾಗೆ ನಿಂತಿತು. ಅವ್ವನವರಿಗೆ ಆಗ ವಿಷಯ ಅರ್ಥವಾಯಿತು. "ಇಷ್ಟೇ ಏನು?" ಎಂದರು, ಸ್ವಲ್ಪ ಬೇಸರದಿಂದ. ಒಳಗೊಳಗೇ ಪರಿಹಾರದ ಹಣ ಎಣಿಸಿದ್ದರೆಂದು ಕಾಣುತ್ತದೆ.

ಚಾಚಾ ತೆಗೆದುಕೊಂಡ ದುಡ್ಡು ನನ್ನ ಕನ್ನಡಕದ ಚೌಕಟ್ಟಿಗೂ ಸಾಲುತ್ತಿರಲಿಲ್ಲ. ಬಲ್ಬಿನ ಹಿಂದೆ ಈಗ ಹದಿಮೂರೂವರೆ ವೋಲ್ಟ್ ಇದೆ. ಸ್ವಿಚ್ ಹಾಕಿದಾಗ ಬಾನೆಟ್ಟಿನ ಕೆಳಗೆ ರಿಲೇ ಟಕ್ ಎನ್ನುತ್ತದೆ. ಏನೋ ಕಳಚಿ ಬಿತ್ತು ಎಂದು ಹೆಂಡತಿ ಪ್ರತಿಸಲ ಹೇಳುತ್ತಾಳೆ.

ತೆಗೆದಿಟ್ಟ ಎಲ್‌ಇಡಿಗಳನ್ನು ಭಾವಮೈದುನ ಮರಳಿ ಒಯ್ದು ತನ್ನ ಜೀಪಿಗೆ ಹಾಕಿಸಿಕೊಂಡ. ಮೊನ್ನೆ ನಾನೂ ಹೆಂಡತಿಯೂ ಸೇಡಂ ರಸ್ತೆಯಲ್ಲಿ ಬರುತ್ತಿದ್ದೆವು. ನನ್ನ ಡಿಪ್ಪಿನಲ್ಲಿ ಎಡಗಡೆಯ ಮೈಲುಗಲ್ಲು, ತಗ್ಗು, ದಡದ ಜಾಲಿ ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಅಷ್ಟರಲ್ಲಿ ಎದುರಿನಿಂದ ಒಂದು ಗಾಡಿ ನೀಲಿ ಬೆಳಕನ್ನು ಕಣ್ಣಿಗೇ ಎರಚುತ್ತಾ ಬಂತು. ನಾನು ಅಪ್ಪರ್ ಡಿಪ್ಪರ್ ಹೊಡೆದು ಸನ್ನೆ ಮಾಡಿದೆ. ಅವನು ಕ್ಯಾರೇ ಅನ್ನಲಿಲ್ಲ. ಹೆಂಡತಿ ಕಿಟಕಿಯ ಗಾಜು ಇಳಿಸಿ, "ಎಂಥ ಮನೆಯಲ್ಲಿ ಹುಟ್ಟಿದವನೋ ಇವನು! ತಂದೆ ತಾಯಿ ನಾಲ್ಕು ಒಳ್ಳೆಯ ಮಾತು ಕಲಿಸಲಿಲ್ಲವೇ?" ಎಂದು ಕೂಗಿದಳು. ಗಾಡಿ ಪಕ್ಕಕ್ಕೆ ಬಂತು. ಒಳಗಿನಿಂದ "ಅಕ್ಕಾ!" ಎಂದು ಯಾರೋ ಸಂತೋಷದಿಂದ ಕೈ ಬೀಸಿದರು.

ಗಾಜು ಮೇಲಕ್ಕೇರಿತು. ರಿಂಗ್ ರಸ್ತೆ ಬರುವವರೆಗೆ ಅವಳು ಮಾತಾಡಲಿಲ್ಲ, ನಾನೂ ಕೆದಕಲಿಲ್ಲ. ಆಮೇಲೆ ತಾನಾಗಿಯೇ ಹೇಳಿದಳು:

"ಜೀಪು ಎತ್ತರ ಇರುತ್ತದೆ ನೋಡಿ, ಅದಕ್ಕೇ ಹಾಗೆ. ಹುಡುಗ ಒಳ್ಳೆಯವನು."