ಸೊಕ್ಕಲ್ಲ ರೀ ಅದು!

ಇವತ್ತು ಕೊಪ್ಪಳದಲ್ಲಿ ಒಂದು ಮದುವೆ. ಗೋಧಿ ಹುಗ್ಗಿ, ಎಣ್ಣೆಗಾಯಿ, ಎಲ್ಲಾ ಬರೋಬ್ಬರಿ ಇತ್ತು. ಆದರೂ ತಲೆ ಕೆಡಿಸಿಕೊಂಡು ಮನೆಗೆ ಬಂದೆ.

ಎದುರಿಗೆ ಒಬ್ಬ ಅಜ್ಜ ಕುಳಿತಿದ್ದರು. ಲಕ್ವ ಹೊಡೆದು ಆರು ತಿಂಗಳಾಯಿತಂತೆ. ತಟ್ಟೆಯ ಬಲಗಡೆ ತೊಳೆದಿಟ್ಟಂಗೆ ಖಾಲಿ. ಎಡಗಡೆಯ ಹುಗ್ಗಿ ಮುಟ್ಟೇ ಇಲ್ಲ. ಆದರೂ "ನನಗ ಹುಗ್ಗಿ ಹಾಕಲಿಲ್ಲಲ್ಲೋ" ಅಂದರು. ಬಡಿಸೋ ಹುಡುಗ ನಕ್ಕ. ಪಕ್ಕದಲ್ಲಿದ್ದ ಮಗ, "ಸೊಕ್ಕು ನೋಡ್ರಿ, ಮುಂದಿದ್ದದ್ದು ಬಿಟ್ಟು ಮತ್ತ ಬೇಡ್ತಾರ" ಅಂದ. ಅಷ್ಟು ಜನರ ಮುಂದೆ!

ನಾನು ಎದ್ದು ಹೋಗಿ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದೆ. ಅಜ್ಜ "ಹಾಂ, ಈಗ ಬಂತು" ಅಂತ ಉಣ್ಣತೊಡಗಿದರು.

ಅವರ ಕಣ್ಣಿಗೆ ಏನೂ ಆಗಿರಲಿಕ್ಕಿಲ್ಲ ರೀ. ಲಕ್ವ ಹೊಡೆದು ಮೆದುಳಿನ ಬಲಭಾಗಕ್ಕೆ ಪೆಟ್ಟಾದರೆ ಕೆಲವರಿಗೆ ಎಡಗಡೆ ಇರುವುದೇ ಗಮನಕ್ಕೆ ಬರುವುದಿಲ್ಲ. ಅರ್ಧ ಗಡ್ಡ ಕೆರೆದುಕೊಂಡು ಏಳುತ್ತಾರೆ. ಅಂಗಿಗೆ ಒಂದೇ ತೋಳು ತೂರಿಸುತ್ತಾರೆ. ಏನೋ ಬಿಟ್ಟಿದ್ದೇವೆ ಅನ್ನುವುದೂ ಗೊತ್ತಾಗುವುದಿಲ್ಲ. 1978ರಲ್ಲಿ ಇಟಲಿಯ ಸಂಶೋಧಕರಾದ ಬಿಸಿಯಾಕ್ ಮತ್ತು ಲುಜ್ಜಾಟಿ ಇಂಥ ರೋಗಿಗಳಿಗೆ ಮಿಲಾನ್ ಊರಿನ ದೊಡ್ಡ ಚೌಕವನ್ನು ನೆನಪಿಸಿಕೊಂಡು ಹೇಳಿ ಅಂದರು. (ನಾವು ಗವಿಮಠದ ಬಯಲು ನೆನೆಸಿಕೊಂಡಂಗೆ.) ಚರ್ಚಿನ ಕಡೆ ಮುಖ ಮಾಡಿ ನಿಂತಂಗೆ ಅಂದಾಗ ಹೆಚ್ಚಾಗಿ ಬಲಗಡೆಯದ್ದನ್ನೇ ಹೇಳಿದರು. ಚರ್ಚಿಗೆ ಬೆನ್ನು ಕೊಟ್ಟು ನಿಂತಂಗೆ ಅಂದಾಗ, ಮೊದಲು ಬಿಟ್ಟದ್ದನ್ನು ಹೇಳಿ, ಹೇಳಿದ್ದನ್ನು ಬಿಟ್ಟರು! ನೆನಪಿನಲ್ಲೂ ಎಡಗಡೆ ಮಾಯ. ಇದೂ ಸೊಕ್ಕೇನು?

ಕೈ ತೊಳೆಯುವಾಗ ಒಬ್ಬರು ಜಾಣರು ಕೇಳಿದರು, "ಎಲ್ಲಾ ಮೆದುಳಿನ ಮ್ಯಾಲೆ ಹಾಕಿದ್ರ ನಾಳೆ ಕುಡುಕನೂ ಅದನ್ನೇ ಹೇಳ್ತಾನ್ರಿ." ಹೇಳಲಿ ಬಿಡ್ರಿ, ಅವನ ಪಂಚಾಯ್ತಿ ಆಮೇಲೆ ಮಾಡೋಣ. ಇಲ್ಲಿ ಒಬ್ಬ ಮುದುಕನಿಗೆ ಹುಗ್ಗಿ ಕಾಣಲಿಲ್ಲ, ಅಷ್ಟೇ. ಕೈಕಾಲು ಬಿದ್ದರೆ "ಅಯ್ಯೋ ಪಾಪ" ಅನ್ನುತ್ತೇವೆ. ಅದೇ ಪೆಟ್ಟಿಗೆ ನಡವಳಿಕೆ ಬದಲಾದರೆ ಸೊಕ್ಕು, ಹಟ, ನಾಟಕ.

ಆ ಮಗನಿಗೆ ಬೈಯಬೇಕು ಅಂತಿದ್ದೆ. ಬಾಯಿ ಬರಲಿಲ್ಲ. ನಮ್ಮಪ್ಪನಿಗೂ ಲಕ್ವ ಹೊಡೆದಿತ್ತು. ಇದೊಂದನ್ನು ಇಲ್ಲಿವರೆಗೂ ಹೇಳಿರಲಿಲ್ಲ. ಆಮೇಲೆ ನಾನು ಎಷ್ಟು ಕರೆದರೂ ಅವರು ತಿರುಗಿ ನೋಡುತ್ತಿರಲಿಲ್ಲ. ಹೊಲ ಮಾರಿದ್ದಕ್ಕೆ ಸಿಟ್ಟು ಅಂದುಕೊಂಡು ನಾನೂ ಒಂದು ತಿಂಗಳು ಮಾತು ಬಿಟ್ಟಿದ್ದೆ. ನನ್ನ ಕುರ್ಚಿ ಇದ್ದದ್ದು ಅವರ ಮಂಚದ ಎಡಗಡೆ.